ಶೃಂಗೇರಿಗೆ ಹೋದ ಮೊರೆ

‘ಕರ್ನಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. 1916ರಲ್ಲಿ ಅವರಿಗೆ ಶೃಂಗೇರಿ ಮಠದಲ್ಲಿ ಹಳೆಯ ಕಾಗದಗಳ ಒಂದು ಕಟ್ಟು ಸಿಕ್ಕಿತು. ಬಿಚ್ಚಿ ನೋಡಿದರೆ, ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು. ಅಂದಿನಿಂದ ಇಂದಿನವರೆಗೆ ನಾವು ಆ ಪತ್ರಗಳನ್ನು ಬಳಸಿಕೊಂಡಿರುವುದು ಹೆಚ್ಚಾಗಿ ಒಂದೇ ಕೆಲಸಕ್ಕೆ. ಒಬ್ಬರು ಅವನ್ನು ತೋರಿಸಿ ಸುಲ್ತಾನನಿಗೆ ಸರ್ಟಿಫಿಕೇಟ್ ಕೊಡುತ್ತಾರೆ, ಇನ್ನೊಬ್ಬರು ಅದನ್ನು ಹರಿದು ಹಾಕುತ್ತಾರೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದ ಮೇಲಂತೂ ಈ ಜಗ್ಗಾಟ ಇನ್ನೂ ಬಿರುಸಾಯಿತು. ಆದರೆ ಆ ಪತ್ರಗಳಲ್ಲಿ ಇರುವುದು ಮುಖ್ಯವಾಗಿ ಒಂದು ಮೊರೆ. ಮೂರು ಕಡೆಯಿಂದ ಶತ್ರುಗಳು ಮುತ್ತಿಕೊಂಡಾಗ ಅರಸನೊಬ್ಬ ತನ್ನದಲ್ಲದ ದೇವರ ಬಾಗಿಲಿಗೆ ಹೋಗಿ, ನನಗಾಗಿ ಪ್ರಾರ್ಥಿಸಿ ಎಂದು ಬೇಡಿಕೊಂಡ ಮೊರೆ ಅದು. ಆ ಬೇಡಿಕೆಯನ್ನು ಬೇಡಿಕೆಯಾಗಿಯೇ ಓದದೆ ಹೋದದ್ದು ನಮಗೆ ಆಗಿರುವ ದೊಡ್ಡ ನಷ್ಟ.

ನಡೆದದ್ದು ಇಷ್ಟು. 1791ರಲ್ಲಿ ಇಂಗ್ಲಿಷರು, ನಿಜಾಮ ಮತ್ತು ಮರಾಠರು ಒಟ್ಟಾಗಿ ಮೈಸೂರಿನ ಮೇಲೆ ಬಿದ್ದಿದ್ದರು. ಮರಾಠಾ ಸೈನ್ಯದ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ದೋಚಿದರು, ಹಲವರನ್ನು ಕೊಂದರು, ಶಾರದೆಯ ವಿಗ್ರಹವನ್ನು ಪೀಠದಿಂದ ಕಿತ್ತರು. ಸಚ್ಚಿದಾನಂದ ಭಾರತೀ ಸ್ವಾಮಿಗಳು ಘಟ್ಟ ಇಳಿದು ಕಾರ್ಕಳ ಸೇರಬೇಕಾಯಿತು. ಅಲ್ಲಿಂದ ಅವರು ಸುಲ್ತಾನನಿಗೆ ಬರೆದರು. ಸುಲ್ತಾನ ಮರುಪ್ರತಿಷ್ಠೆಗೆಂದು 200 ರಾಹತಿ ನಾಣ್ಯ ನಗದು ಮತ್ತು ಸಾಮಗ್ರಿ ಕೊಡುವಂತೆ ಬಿದನೂರಿನ ಅಸಫ್‌ಗೆ, ಎಂದರೆ ಅಲ್ಲಿನ ಅಧಿಕಾರಿಗೆ, ಆಜ್ಞೆ ಮಾಡಿದ. ಪರಿಹಾರದ ಕಥೆ ಅಲ್ಲಿಗೆ ಮುಗಿಯಬಹುದಿತ್ತು, ಆದರೆ ಮುಗಿಯಲಿಲ್ಲ. ಶತ್ರುಗಳು ಸೋಲಲೆಂದು ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕು, ಅದರ ಖರ್ಚು ಸರ್ಕಾರದ್ದು ಎಂದು ಅವನು ಸ್ವಾಮಿಗಳನ್ನು ಕೇಳಿಕೊಂಡ. ಸಹಸ್ರಚಂಡಿ ಎಂದರೆ ಏಳುನೂರು ಮಂತ್ರಗಳ ದುರ್ಗಾ ಸಪ್ತಶತಿಯನ್ನು ಸಾವಿರ ಸಲ ಪಾರಾಯಣ ಮಾಡುವುದು. ಯುದ್ಧಕಾಲದ ಬೊಕ್ಕಸಕ್ಕೆ ಇದೇನು ಸಣ್ಣ ಭಾರವಲ್ಲ.

ಇದೆಲ್ಲ ಬರಿಯ ರಾಜಕೀಯ ಎನ್ನುವವರಿದ್ದಾರೆ. ಮರಾಠರು ಕೆಡಿಸಿದ ಗುಡಿಯನ್ನು ತಾನು ಎತ್ತಿ ನಿಲ್ಲಿಸಿದರೆ ಮಲೆನಾಡಿನ ಪ್ರಜೆಗಳು ತನ್ನ ಕಡೆ ಉಳಿಯುತ್ತಾರೆ ಎಂಬ ಲೆಕ್ಕ ಅವನಿಗೆ ಇದ್ದೇ ಇತ್ತು. ಅದನ್ನು ಅಲ್ಲಗಳೆಯಲಾಗದು. ಆದರೆ ಆ ಲೆಕ್ಕಕ್ಕೆ ಜೀರ್ಣೋದ್ಧಾರದ ದುಡ್ಡೇ ಸಾಕಾಗಿತ್ತು, ಜಪದ ಅಗತ್ಯವಿರಲಿಲ್ಲ. ರಾಜಕೀಯದ ವಾದ ಪೂರ್ತಿ ಸೋಲುವುದು ಸುಲ್ತಾನ ಬಿದ್ದ ದಿನವಾದ 1799ರ ಮೇ 4ರ ಮುಂದೆ. ಅಂದು ಶನಿವಾರ. ಇಂಗ್ಲಿಷರ ಮುತ್ತಿಗೆಯಲ್ಲಿ ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದಿತ್ತು. ದಿನ ಚೆನ್ನಾಗಿಲ್ಲವೆಂದು ಜೋಯಿಸರು ಹೇಳಿದ್ದರು. ಆ ಬೆಳಿಗ್ಗೆ ಸುಲ್ತಾನ ಬ್ರಾಹ್ಮಣರಿಗೆ ಆನೆ, ಎಮ್ಮೆ, ಕೋಣ, ಕರಿ ಎತ್ತು, ಕರಿ ಮೇಕೆ, ಕರಿ ಬಟ್ಟೆಯ ಅಂಗಿ ಮತ್ತು ಟೋಪಿ, ಎಣ್ಣೆಕಾಳು, ಹಣ ದಾನ ಮಾಡಿದನೆಂದು ಆ ಯುದ್ಧದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಬೀಟ್ಸನ್ ಮರುವರ್ಷವೇ ಅಚ್ಚಾದ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಕೊನೆಗೆ ಎಣ್ಣೆ ತುಂಬಿದ ಕಬ್ಬಿಣದ ಪಾತ್ರೆ. ಅದನ್ನು ಕೊಡುವ ಮುನ್ನ ಸುಲ್ತಾನ ತಲೆ ಬಗ್ಗಿಸಿ ಎಣ್ಣೆಯಲ್ಲಿ ತನ್ನ ಮುಖ ನೋಡಿಕೊಂಡ. ಶನಿವಾರ, ಕಪ್ಪು, ಕಬ್ಬಿಣ, ಎಣ್ಣೆ: ಶನಿಕಾಟಕ್ಕೆ ಇಂದಿಗೂ ನಮ್ಮೂರುಗಳಲ್ಲಿ ಕೊಡುವ ದಾನವೇ ಇದು. ಬೀಟ್ಸನ್‌ಗೆ ಇದು ಹಿಂದೂಸ್ತಾನದ ವಿಚಿತ್ರ ಆಚಾರ. ಕನ್ನಡದ ಓದುಗರಿಗೆ ಹಾಗಲ್ಲ, ಪಕ್ಕದ ಮನೆಯಲ್ಲಿ ನಡೆಯುವ ಸಂಗತಿ. ಒಡೆದ ಗೋಡೆಯೊಳಗೆ, ದಾಳಿಗೆ ಕೆಲವೇ ತಾಸು ಇರುವಾಗ, ಯಾವ ಪ್ರಜೆಯ ಮನಸ್ಸನ್ನು ಒಲಿಸಿಕೊಳ್ಳಲು ಈ ದಾನ?

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದವನು, ಅವರ ಇಗರ್ಜಿಗಳನ್ನು ಕೆಡವಿಸಿದವನು, ಕೊಡಗಿನವರನ್ನು ಸೆರೆಹಿಡಿದು ಸಾಗಿಸಿದವನು ಇದೇ ಸುಲ್ತಾನ. ಆ ದಾರಿಯಲ್ಲಿ, ಆ ಸೆರೆಯಲ್ಲಿ ಎಷ್ಟೋ ಜನ ಸತ್ತರು. ಉಳಿದವರಲ್ಲಿ ಅನೇಕರು ಊರಿಗೆ ಮರಳಿದ್ದು ಸುಲ್ತಾನ ಬಿದ್ದ ಮೇಲೆ. ಶೃಂಗೇರಿಯ ಪತ್ರಗಳು ಈ ಲೆಕ್ಕವನ್ನು ಅಳಿಸುವುದಿಲ್ಲ, ಅಳಿಸಬಾರದು. ಆದರೆ ಕ್ರೂರಿಯ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ತೀರ್ಮಾನಿಸಿದರೆ ಇತಿಹಾಸವೂ ಅರ್ಥವಾಗದು, ಭಕ್ತಿಯೂ ಅರ್ಥವಾಗದು. ಅವನ ಭಯದಿಂದ ಸೆರೆಯಾಳು ದೇವರನ್ನು ಕರೆಯುತ್ತಿದ್ದ, ಇಂಗ್ಲಿಷ್ ಕಂಪನಿಯ ಭಯದಿಂದ ಅವನೂ ಕರೆಯುತ್ತಿದ್ದ. ಇಬ್ಬರ ಮೊರೆಯನ್ನೂ ಒಂದೇ ಪುಟದಲ್ಲಿ ಬರೆಯಬಲ್ಲ ಚರಿತ್ರೆ ನಮಗೆ ಬೇಕಾಗಿದೆ.

ಇನ್ನು, ಜಪದಿಂದ ಆದದ್ದೇನು ಎಂಬ ಪ್ರಶ್ನೆ. 1792ರ ಫೆಬ್ರುವರಿಯಲ್ಲಿ ಇಂಗ್ಲಿಷ್ ಸೇನಾಧಿಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಕೊಡಬೇಕಾಯಿತು. ಪ್ರಾರ್ಥನೆ ವ್ಯಾಪಾರವಾಗಿದ್ದರೆ ಅಂದೇ ಅಂಗಡಿ ಮುಚ್ಚಬೇಕಿತ್ತು. ಆದರೆ ಸ್ವಾಮಿಗಳಿಗೆ ಪತ್ರ ಹೋಗುವುದು ಆಮೇಲೂ ನಿಲ್ಲಲಿಲ್ಲ. ದೂರದೇಶದಲ್ಲಿ ಬಹಳ ದಿನ ಇರಬೇಡಿ, ಬೇಗ ಮರಳಿ ಬನ್ನಿ ಎಂದು ಅವನು ಅವರನ್ನು ಕೇಳಿಕೊಂಡದ್ದು ಸೋತ ಮೇಲೆ. ಹಾಗೆಂದು ಜಪವನ್ನು ನಂಬಿ ಕೈಕಟ್ಟಿ ಕೂತವನೂ ಅಲ್ಲ. ಅದೇ ವರ್ಷಗಳಲ್ಲಿ ಕೋಟೆಗೆ ಒಳಗಿನಿಂದ ಇನ್ನೊಂದು ಗೋಡೆ ಎಬ್ಬಿಸಿದ. ದೇವರ ಮೇಲೆ ಭಾರ ಹಾಕುವುದೆಂದರೆ ಹೇಡಿತನ ಎನ್ನುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು. ಎಣ್ಣೆಯಲ್ಲಿ ಮುಖ ನೋಡಿಕೊಂಡವನು ಅದೇ ಮಧ್ಯಾಹ್ನ ಊಟವನ್ನು ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ಹೋದ, ಓಡಿಹೋಗಲಿಲ್ಲ. ಪ್ರಾರ್ಥನೆ ಅವನ ಪ್ರಾಣ ಉಳಿಸಲಿಲ್ಲ ಎಂಬುದು ನಿಜ. ಭಯವನ್ನು ಎಷ್ಟು ಹಗುರ ಮಾಡಿತೆಂದು ಅಳೆಯಲು ನಮ್ಮ ಬಳಿ ಇರುವ ಸಾಕ್ಷ್ಯವೆಂದರೆ ಆ ನಡಿಗೆ ಮಾತ್ರ.