ಕುರುಮಾನಿನ ವೃದ್ಧ ದಂಪತಿಗಳು

ಪರದೇಶಗಳಿಗೆ ಹೋಗಿ ಮತಪ್ರಚಾರ ಮಾಡುವ ಪಾದ್ರಿಗಳ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಹುಕಾಲದಿಂದ ರೂಢವಾಗಿವೆ. ಅವರು ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ತಂದ ಪುಣ್ಯಾತ್ಮರೆಂಬುದು ಒಂದು. ಅವರು ಪರರಾಜ್ಯದ ಮುಂಗಾಲಾಳುಗಳೆಂಬುದು ಇನ್ನೊಂದು. ಹೊಗಳುವವರೂ ಜರೆಯುವವರೂ ಆ ಜನರ ಬಾಳನ್ನು ಸಮೀಪದಿಂದ ನೋಡುವ ಶ್ರಮವನ್ನು ವಹಿಸುವುದು ಕಡಮೆ. ಆದುದರಿಂದ ದಕ್ಷಿಣ ಆಫ್ರಿಕದ ಕುರುಮಾನಿನಲ್ಲಿ ಅರ್ಧ ಶತಮಾನದಷ್ಟು ಕಾಲ ಬಾಳಿ ಮುದುಕರಾದ ಒಬ್ಬ ಪಾದ್ರಿಯ ಮತ್ತು ಆತನ ಸಹಧರ್ಮಿಣಿಯ ವೃತ್ತಾಂತವನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ. ತೀರ್ಮಾನವು ಅದರ ಬಳಿಕ ಬರಲಿ.

ರಾಬರ್ಟ್ ಮೊಫಾಟರು 1795ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು, ವೃತ್ತಿಯಿಂದ ತೋಟಗಾರರು, ದೊಡ್ಡ ವಿದ್ಯಾಲಯದ ಮುಖವನ್ನು ಕಂಡವರಲ್ಲ. ಅವರು ಇಂಗ್ಲೆಂಡಿನಲ್ಲಿ ಸಸಿತೋಟವೊಂದರಲ್ಲಿ ದುಡಿಯುತ್ತಿದ್ದಾಗ ಯಜಮಾನನ ಮಗಳಾದ ಮೇರಿ ಸ್ಮಿತ್ ಎಂಬ ಕನ್ಯೆಯೊಡನೆ ಪರಿಚಯವಾಯಿತು. ಈಕೆಯೂ ಅದೇ 1795ರಲ್ಲಿ ಹುಟ್ಟಿದವಳು. ಲಂಡನ್ ಮಿಶನರಿ ಸಂಘದವರು 1816ರಲ್ಲಿ ರಾಬರ್ಟರನ್ನು ಆಫ್ರಿಕಕ್ಕೆ ಕಳುಹಿಸಿದಾಗ, ಕನ್ಯೆಯ ತಂದೆತಾಯಿಗಳು ಮಗಳನ್ನು ಕಾಣದ ದೇಶಕ್ಕೆ ಕೊಡಲು ಒಪ್ಪಲಿಲ್ಲ. ಅವರ ಮನಸ್ಸು ಕರಗಲು ವರ್ಷಗಳೇ ಹಿಡಿದುವು. ಕಡೆಗೆ ಅನುಮತಿ ದೊರೆಯಲು, ಮೇರಿ ಕಡಲನ್ನು ದಾಟಿ ಕೇಪ್‌ಟೌನನ್ನು ಸೇರಿದಳು; 1819ರ ಡಿಸೆಂಬರ್ 27ರಂದು ಅಲ್ಲಿಯೇ ವಿವಾಹವಾಯಿತು. ಅದಾದ ಮೇಲೆ ಎತ್ತಿನ ಬಂಡಿಯಲ್ಲಿ ಉತ್ತರದ ಒಣನಾಡಿಗೆ ಪಯಣ.

ಕುರುಮಾನ್ ಸೀಮೆಯು ತ್ಸ್ವಾನಾ ಜನಾಂಗದ ಬಾತ್ಲಾಪಿಂಗ್ ಕುಲದವರದು. ಮಳೆ ಅಪರೂಪವಾದ ಆ ನಾಡಿನಲ್ಲಿ ಬಂಡೆಯಡಿಯಿಂದ ನಿರಂತರವಾಗಿ ಉಕ್ಕುವ ಒಂದು ಮಹಾಬುಗ್ಗೆಯುಂಟು. ತೋಟಗಾರರಾದ ಮೊಫಾಟರು ಕಾಲುವೆ ತೋಡಿ ನೀರನ್ನು ಹರಿಸಿ ಪೈರು ಮಾಡಿದರು. ಆ ಕಾಲುವೆಗಾಗಿಯೇ ಆರಂಭದಲ್ಲಿ ಊರ ಹೆಂಗಸರೊಡನೆ ವ್ಯಾಜ್ಯವಾಯಿತು. ಅವರು ಕಟ್ಟೆಯನ್ನೊಡೆದು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ನೀರು ಯಾರದು ಎಂಬ ಪ್ರಶ್ನೆಯಲ್ಲಿ ಆ ಹೆಂಗಸರ ಪಕ್ಷದಲ್ಲಿಯೂ ನ್ಯಾಯವಿತ್ತೆಂಬುದನ್ನು, ಕೆರೆಯ ನೀರಿಗಾಗಿ ಕಚೇರಿಗೆ ಅಲೆದಾಡುವ ನಮ್ಮ ರೈತರು ಒಪ್ಪದಿರಲಾರರು.

ಬರಗಾಲ ಬಂತು. ಮಳೆಯು ಬಾರದಿರಲು ಬಿಳಿಯರೇ ಕಾರಣರೆಂದು ಮಳೆ ಬರಿಸುವ ಮಂತ್ರವಾದಿಗಳು ಹೇಳಿದರು. ಒಂದು ದಿವಸ ನಾಯಕನೊಬ್ಬನು ಭರ್ಜಿಯನ್ನು ಹಿಡಿದು, ಪರಿವಾರಸಮೇತನಾಗಿ ಮನೆಯ ಮುಂದೆ ಬಂದು ನಿಂತು, ಊರನ್ನು ಬಿಟ್ಟು ಹೊರಡತಕ್ಕದ್ದೆಂದು ಆಜ್ಞೆ ಮಾಡಿದನು. ಮೇರಿಯು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ರಾಬರ್ಟರು ಎದೆಯನ್ನು ತೋರಿಸಿ, ಬೇಕಾದರೆ ತಮ್ಮನ್ನು ಕೊಲ್ಲಬಹುದು, ತಾವಾಗಿ ಮಾತ್ರ ಹೋಗುವವರಲ್ಲವೆಂದು ಹೇಳಿದರು. ಬಂದವರು ಪರಸ್ಪರ ನೋಡಿಕೊಂಡು ಹಿಂದಿರುಗಿದರು. ಹೀಗೆ ನೆಲೆ ನಿಂತವರಿಗೆ ವರ್ಷಗಟ್ಟಲೆ ಒಬ್ಬ ಶಿಷ್ಯನೂ ದೊರೆಯಲಿಲ್ಲ. ಅಂಥ ಕಾಲದಲ್ಲಿಯೇ ಮೇರಿಯು, ತನಗೆ ಏನು ಕಳುಹಿಸಬೇಕೆಂದು ಕೇಳಿದ ಇಂಗ್ಲೆಂಡಿನ ಗೆಳತಿಗೆ, ಪ್ರಭುಭೋಜನದ ಸಂಸ್ಕಾರಕ್ಕೆ ಬೇಕಾದ ಪಾತ್ರೆಗಳನ್ನು ಕಳುಹಿಸೆಂದು ಬರೆದಳು. 1829ರಲ್ಲಿ ಮೊದಲ ದೀಕ್ಷೆಗಳಾದುವು. ಆ ಸಂಸ್ಕಾರದ ವೇಳೆಗೆ ಸರಿಯಾಗಿ ಪಾತ್ರೆಗಳು ಬಂದು ತಲುಪಿದುವು. ಅವರ ಮತವು ನಮ್ಮದಲ್ಲದಿದ್ದರೂ ಆ ನಂಬಿಕೆಯ ಗಟ್ಟಿತನವನ್ನು ಮೆಚ್ಚದಿರುವುದು ಹೇಗೆ?

ರಾಬರ್ಟರ ಹೆಸರನ್ನು ಉಳಿಸಿದುದು ಭಾಷೆಯ ಕೆಲಸ. ದುಭಾಷಿಯ ಬಾಯಿಂದ ಮಾಡುವ ಬೋಧನೆ ನಿಷ್ಫಲವೆಂದು ಮನಗಂಡು, ಅವರು 1827ರಲ್ಲಿ ಹಳ್ಳಿಗಳಲ್ಲಿ ಆ ಜನರ ನಡುವೆಯೇ ವಾಸಮಾಡಿ ಸೆಟ್ಸ್ವಾನಾ ಭಾಷೆಯನ್ನು ಕಲಿತರು. ಲೂಕನ ಸುವಾರ್ತೆಯನ್ನು ಭಾಷಾಂತರಿಸಿ ಕೇಪ್‌ಟೌನಿಗೆ ಒಯ್ದಾಗ ಅಲ್ಲಿ ಅಚ್ಚು ಜೋಡಿಸುವವರು ದೊರೆಯದಿರಲು, ತಾವೇ ಆ ಕೆಲಸವನ್ನು ಕಲಿತು 1830ರಲ್ಲಿ ಅಚ್ಚು ಹಾಕಿಸಿದರು. ಮರುವರ್ಷ ಮುದ್ರಣಯಂತ್ರವನ್ನೇ ಬಂಡಿಯಲ್ಲಿ ಹೇರಿಕೊಂಡು ಕುರುಮಾನಿಗೆ ತಂದರು. ಹೊಸ ಒಡಂಬಡಿಕೆಯು 1840ರಲ್ಲಿ ಲಂಡನ್ನಿನಲ್ಲಿ ಮುದ್ರಿತವಾಯಿತು. ಹಳೆಯ ಒಡಂಬಡಿಕೆಯು 1857ರಲ್ಲಿ ಕುರುಮಾನಿನಲ್ಲಿಯೇ ಮುಗಿಯಿತು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ ನಿಘಂಟನ್ನು ಬಳಸುವ ನಾವು, ಇಂಥ ದುಡಿಮೆಯ ಭಾರವನ್ನು ಸ್ವಲ್ಪಮಟ್ಟಿಗಾದರೂ ಊಹಿಸಬಲ್ಲೆವು.

ಆದರೆ ಗಂಡನು ಪದಗಳನ್ನು ಅರಸುತ್ತಿದ್ದಾಗ ಮನೆಯನ್ನು ನಡೆಸಿದವರು ಯಾರು? ಚರಿತ್ರಕಾರರು ಈ ಪ್ರಶ್ನೆಯನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಮೇರಿಯು ಹತ್ತು ಮಕ್ಕಳನ್ನು ಹೆತ್ತಳು. ಅವರಲ್ಲಿ ಕೆಲವರನ್ನು ಎಳವೆಯಲ್ಲಿಯೇ ಕಳೆದುಕೊಂಡಳು. ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸುವುದನ್ನು ಮೊದಲು ಕಂಡಾಗ ಆಕೆಗೆ ಹೇಸಿಕೆಯಾಯಿತಂತೆ. ತರುವಾಯ ಅದರಿಂದ ಧೂಳಡಗುವುದನ್ನೂ ಚಿಗಟ ನಾಶವಾಗುವುದನ್ನೂ ಕಂಡು, ವಾರಕ್ಕೊಮ್ಮೆಯಾದರೂ ಸಾರಿಸುತ್ತೇನೆಂದು ಊರಿಗೆ ಸಂತೋಷದಿಂದ ಬರೆದಳು. ನಮ್ಮ ಗೃಹಿಣಿಯರು ಇದನ್ನು ಕೇಳಿ ನಕ್ಕಾರು. ಆದರೆ ಪರದೇಶದಲ್ಲಿ ಬಾಳುವ ವಿದ್ಯೆಯ ಮೊದಲ ಪಾಠವು ಇದೇ ಎಂದು ನಮಗೆ ತೋರುತ್ತದೆ.

ಹಿರಿಯ ಮಗಳಾದ ಕಿರಿಯ ಮೇರಿಯನ್ನು 1845ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ನರಿಗೆ ಕೊಟ್ಟು ಮದುವೆ ಮಾಡಿದರು. ಅಳಿಯನ ಕೀರ್ತಿ ಲೋಕವೆಲ್ಲ ಹಬ್ಬಿತು. ಅದರ ಬೆಲೆಯನ್ನು ತೆತ್ತವಳು ಮಗಳು. ಬಸುರಿಯಾದ ಹೆಂಡತಿಯನ್ನೂ ಚಿಕ್ಕ ಮಕ್ಕಳನ್ನೂ ಮರುಭೂಮಿಯ ಆಚೆಗೆ ಮತ್ತೆ ಕರೆದೊಯ್ಯುವೆನೆಂದು ಆತನು ಹೊರಟಾಗ, 1851ರಲ್ಲಿ ಅತ್ತೆಯು ಬರೆದ ಕಾಗದವು ಇಂದಿಗೂ ಉಳಿದಿದೆ. ಒಂದು ಕೂಸನ್ನು ಕಳೆದುಕೊಂಡದ್ದು ಸಾಲದೇ ಎಂಬುದು ಅದರ ತಾತ್ಪರ್ಯ. ಅಳಿಯನು ಕೇಳಲಿಲ್ಲ. ಮಿಶನ್ನಿನ ಕಾರ್ಯಕ್ಕಾಗಿ ಸರ್ವಸ್ವವನ್ನೂ ಕೊಟ್ಟ ಆ ತಾಯಿಯೇ, ಆ ಕಾರ್ಯಕ್ಕೂ ಒಂದು ಮೇರೆಯುಂಟೆಂದು ಹೇಳಿದಳೆಂಬುದನ್ನು ನಾವು ಮರೆಯಬಾರದು.

ಅರುವತ್ತರ ಸಮೀಪದಲ್ಲಿ ಇತರರು ವಿಶ್ರಾಂತಿಯನ್ನು ಬಯಸುವರು. ರಾಬರ್ಟರು 1854, 1857, 1859ರಲ್ಲಿ ನೂರಾರು ಮೈಲಿಗಳಾಚೆಯ ನ್ದೆಬೆಲೆ ಅರಸನಾದ ಮ್ಜಿಲಿಕಾಜಿಯ ಬಳಿಗೆ ಹೋದರು. ಅರಸನಿಗೆ ಈ ಮುದುಕನಲ್ಲಿ ಅಪಾರ ಸ್ನೇಹ. ಆ ಸ್ನೇಹದ ಬಲದಿಂದಲೇ ಇನ್ಯಾಟಿಯಲ್ಲಿ ಮಿಶನ್ ನೆಲೆಗೊಂಡಿತು. ಮಗನಾದ ಜಾನ್ ಸ್ಮಿತ್ ಮೊಫಾಟನು ಅಲ್ಲಿ ನಿಂತನು. ಮೇರಿಯು ಕುರುಮಾನಿನಲ್ಲಿ ತಿಂಗಳುಗಟ್ಟಲೆ ಒಬ್ಬಳೇ ದಾರಿ ಕಾದಳು. 1862ರಲ್ಲಿ ಮಗಳು ಜಾಂಬೆಸಿ ನದಿಯ ತೀರದಲ್ಲಿ ಜ್ವರದಿಂದ ತೀರಿಕೊಂಡಳು. ಅದೇ ವರ್ಷ ಮಗ ರಾಬರ್ಟನೂ ಹೋದನು. 1866ರಲ್ಲಿ ಇನ್ನೊಬ್ಬ ಅಳಿಯನು ದುರ್ಮರಣಕ್ಕೀಡಾದನು. ವೃದ್ಧ ದಂಪತಿಗಳು ಆಮೇಲೆಯೂ ಊರನ್ನು ಬಿಡಲಿಲ್ಲ. ಶರೀರವು ಸೋತ ಮೇಲೆ, 1870ರ ಮಾರ್ಚಿಯಲ್ಲಿ, ತಾವು ಕಟ್ಟಿಸಿದ ಕಲ್ಲಿನ ದೇವಾಲಯದಲ್ಲಿ ಕಡೆಯ ಪ್ರಾರ್ಥನೆಯನ್ನು ನಡೆಸಿ, ಅಳುವ ಜನರ ನಡುವೆ ಬಂಡಿಯನ್ನೇರಿದರು. ಸ್ವದೇಶವು ಮೇರಿಗೆ ಪರದೇಶವಾಗಿತ್ತೋ ಏನೋ, 1871ರ ಜನವರಿ 10ರಂದು ಲಂಡನ್ನಿನಲ್ಲಿ ಆಕೆ ದೇಹವನ್ನು ಬಿಟ್ಟಳು. ಇಷ್ಟು ವರ್ಷ ತನಗಾಗಿ ಪ್ರಾರ್ಥಿಸುತ್ತಿದ್ದ ಜೀವವು ಹೋಯಿತೆಂದು ಮುದುಕರು ಮರುಗಿದರು. ಅವರು ಇನ್ನೂ ಹನ್ನೆರಡು ವರ್ಷ ಬದುಕಿದ್ದು, 1883ರ ಆಗಸ್ಟಿನಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ತೀರ್ಮಾನದ ಮಾತು. ಈ ದಂಪತಿಗಳು ಹಣಕ್ಕಾಗಿ ಹೋದವರಲ್ಲ, ಅಧಿಕಾರಕ್ಕಾಗಿ ಹೋದವರಲ್ಲ. ಇಷ್ಟಾದರೂ ಎರಡು ಆಕ್ಷೇಪಗಳು ನಿಲ್ಲುತ್ತವೆ. ಒಂದು: ಆ ಜನರಿಗೆ ದೇವರ ಕಲ್ಪನೆಯೇ ಇರಲಿಲ್ಲವೆಂಬರ್ಥದಲ್ಲಿ ಮೊಫಾಟರು ಬರೆದರು. ಸೆಟ್ಸ್ವಾನಾ ಬೈಬಲಿನಲ್ಲಿ ಪಿತೃಗಳಿಗೆ ಸಲ್ಲುವ ‘ಬದಿಮೊ’ ಎಂಬ ಶಬ್ದವು ದೆವ್ವಗಳಿಗೆ ಹೆಸರಾದುದನ್ನು ಬೋತ್ಸ್ವಾನದ ವಿದುಷಿ ಮೂಸಾ ದೂಬೆಯವರು ಖಂಡಿಸಿರುವರು. ಪಿತೃಪಕ್ಷದಲ್ಲಿ ಎಳ್ಳುನೀರು ಬಿಡುವವರಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ. ಎರಡು: ತಂದೆಯ ಸ್ನೇಹವು ತೆರೆದ ದಾರಿಯಲ್ಲಿ ಮಗನು 1888ರ ಫೆಬ್ರವರಿಯಲ್ಲಿ, ಈಗ ಬ್ರಿಟಿಷ್ ಸರಕಾರದ ಅಧಿಕಾರಿಯಾಗಿ ಹೋಗಿ, ಮ್ಜಿಲಿಕಾಜಿಯ ಮಗನಾದ ಲೊಬೆಂಗುಲನಿಂದ ಒಪ್ಪಂದಕ್ಕೆ ಅಂಕಿತ ಪಡೆದನು. ಅದೇ ವರ್ಷ ರೋಡ್ಸನ ಕಡೆಯವರು ಗಣಿಗಳ ಹಕ್ಕನ್ನು ಪಡೆದರು; 1893ರಲ್ಲಿ ಯುದ್ಧವಾಗಿ ರಾಜ್ಯವೇ ಹೋಯಿತು. ತಂದೆಯನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಆದರೆ ಒಬ್ಬ ಸಾಧುವಿನ ಮೇಲಣ ವಿಶ್ವಾಸವು ಆತನ ದೇಶದ ಸರಕಾರದ ಮೇಲಣ ವಿಶ್ವಾಸವಾಗಿ ಮಾರ್ಪಟ್ಟಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸತ್ಯವು ಅರ್ಧವಾದೀತು. ಮತಪ್ರಚಾರಕ್ಕಾಗಿ ಮುದ್ರಿತವಾದ ಅಕ್ಷರಗಳು ಮತಪ್ರಚಾರಕರ ವಶದಲ್ಲಿಯೇ ಉಳಿಯಲಿಲ್ಲ. ತ್ಸ್ವಾನಾ ಜನಾಂಗದ ಸಾಲ್ ಪ್ಲಾಟ್ಜೆಯು ಸೆಟ್ಸ್ವಾನಾದಲ್ಲಿ ಪತ್ರಿಕೆ ನಡೆಸಿದನು. 1912ರಲ್ಲಿ ಆಫ್ರಿಕನರ ರಾಷ್ಟ್ರೀಯ ಮಹಾಸಭೆಯ ಮೊದಲ ಕಾರ್ಯದರ್ಶಿಯಾದನು. ಭೂಮಿಯನ್ನು ಕಸಿದ 1913ರ ಕಾಯಿದೆಯ ವಿರುದ್ಧ ಗ್ರಂಥ ಬರೆದನು. ಶೇಕ್ಸ್‌ಪಿಯರನ ನಾಟಕಗಳನ್ನು ತನ್ನ ಭಾಷೆಗೆ ತಂದನು. ಅಕ್ಷರವನ್ನು ಕೊಟ್ಟವರ ಉದ್ದೇಶ ಒಂದಿರಬಹುದು. ಪಡೆದವರು ಅದನ್ನು ತಮ್ಮ ಸ್ವಾತಂತ್ರ್ಯಕ್ಕೆ ಉಪಯೋಗಿಸಿಕೊಂಡರೆ ತಡೆಯುವವರು ಯಾರು?

ನಮ್ಮಲ್ಲಿಯೂ ಗಿರಿಜನರ ನಡುವೆ, ಹಿಂದುಳಿದ ಸೀಮೆಗಳಲ್ಲಿ ಸೇವೆ ಮಾಡಬೇಕೆಂಬ ಉತ್ಸಾಹವುಳ್ಳ ತರುಣರಿರುವರು. ನಿವೃತ್ತರಾದ ಅಧಿಕಾರಿಗಳಲ್ಲಿಯೂ ಪತ್ನೀಸಮೇತರಾಗಿ ಅಂಥ ಕಾರ್ಯಕ್ಕೆ ಹೊರಡುವವರಿರುವರು. ಅವರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಕುರುಮಾನಿನವರಿಂದ ಆ ಜನರ ಭಾಷೆಯನ್ನು ಅವರ ಮನೆಯಂಗಳದಲ್ಲಿಯೇ ಕಲಿಯುವುದನ್ನೂ, ವರ್ಷಗಳುರುಳಿದರೂ ಕದಲದಿರುವುದನ್ನೂ ಕಲಿಯಿರಿ. ಹೋದಲ್ಲಿ ದೇವರೇ ಇಲ್ಲವೆಂದು ಭಾವಿಸುವ ಅಹಂಕಾರವನ್ನು ಮಾತ್ರ ಊರಲ್ಲಿಯೇ ಬಿಟ್ಟು ಹೊರಡಿರಿ. ಹಾಗೂ ನಿಮ್ಮ ಸೇವೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆದಲ್ಲಿ, ಒಲೆಯ ಮುಂದೆ ನಿಂತು ದಾರಿ ಕಾದವಳ ಹೆಸರೂ ಅದರಲ್ಲಿ ಸಮನಾಗಿ ಬರುವಂತೆ ನೋಡಿಕೊಳ್ಳಿರಿ.