ಕಳ್ಳರನ್ನು ತಡೆಯುವ ಗ್ರಿಲ್ ಮನೆಯವರನ್ನು ತಡೆಯದಿರಲಿ

ಬೆಂಗಳೂರು: ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಚಾಲಿತ ಸ್ಕೂಟರ್ ಮಳಿಗೆಯೊಂದಕ್ಕೆ 2024ರ ನವೆಂಬರ್ 19ರ ಸಂಜೆ ಬೆಂಕಿ ಬಿತ್ತು. ಉಳಿದವರು ಪಾರಾದರೂ, ಒಳಗೆ ಸಿಲುಕಿದ ಯುವ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಮಂದಿ ಮೃತಪಟ್ಟಾಗಲೂ ಎದ್ದ ಪ್ರಶ್ನೆ ಒಂದೇ: ಹೊರಬರುವ ದಾರಿ ಎಲ್ಲಿತ್ತು?

ಈ ಪ್ರಶ್ನೆ ಮನೆಗಳಿಗೂ ಅನ್ವಯಿಸುತ್ತದೆ. ವಿಜಯನಗರ, ಬಸವೇಶ್ವರನಗರಗಳ ಕಿರಿದಾದ ನಿವೇಶನಗಳಲ್ಲಿ ಎದ್ದಿರುವ ಮೂರು ನಾಲ್ಕು ಅಂತಸ್ತಿನ ಅನೇಕ ಮನೆಗಳಿಗೆ ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲಿಯೇ ವಿದ್ಯುತ್ ಮೀಟರ್, ಸಾಲಾಗಿ ನಿಂತ ದ್ವಿಚಕ್ರ ವಾಹನಗಳು. ಕಿಟಕಿ, ಬಾಲ್ಕನಿಗಳಿಗೆ ಕಬ್ಬಿಣದ ಗ್ರಿಲ್. ಕೆಳಗೆ ಬೆಂಕಿ ಹತ್ತಿದರೆ ಮೆಟ್ಟಿಲ ಸಂದಿಯೇ ಹೊಗೆಯ ಚಿಮಣಿಯಾಗುತ್ತದೆ. ಸ್ಕೂಟರ್ ಬ್ಯಾಟರಿಯನ್ನು ಇಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುವುದು ಅಪಾಯಕರ. ಕನಿಷ್ಠ ಒಂದು ಗ್ರಿಲ್‌ಗಾದರೂ ಒಳಗಿನಿಂದ ತೆರೆಯುವ ಬಾಗಿಲಿರಬೇಕು. ಅದರ ಬೀಗದ ಕೈ ಎಲ್ಲಿದೆಯೆಂದು ಮನೆಮಂದಿಗೆಲ್ಲ ತಿಳಿದಿರಬೇಕು.

ಹೊಗೆ ತುಂಬಿದಾಗ

ಅಗ್ನಿ ಅನಾಹುತಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಪ್ರಾಣ ತೆಗೆಯುತ್ತದೆ. ಬಿಸಿ ಹೊಗೆ ಮೇಲೇರುವುದರಿಂದ ನೆಲಕ್ಕೆ ಬಗ್ಗಿ ಸಾಗಬೇಕು. ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬಾರದು; ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯಿಂದ ಸಹಾಯಕ್ಕೆ ಕೂಗಬೇಕು. ಲಿಫ್ಟ್ ಬಳಸಕೂಡದು.

ಅನಿಲ ಸೋರಿದಾಗ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದೊಡನೆ ದೀಪದ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಡಿ ಏಳಲು ಅಷ್ಟೇ ಸಾಕು. ಒಲೆ, ದೇವರ ದೀಪಗಳನ್ನು ನಂದಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಬರಬೇಕು. ಅನಂತರವೇ ಅನಿಲ ಸೋರಿಕೆ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.

ಕರೆ ಮಾಡುವಾಗ

ಪೊಲೀಸ್, ಅಗ್ನಿಶಾಮಕ ಸೇರಿದಂತೆ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108. ಆದರೆ ರಾಜಾಜಿನಗರದಂಥ ಬಡಾವಣೆಯಲ್ಲಿ ಬ್ಲಾಕ್ ಹೇಳದೆ ಬರಿಯ ಮುಖ್ಯರಸ್ತೆ, ಅಡ್ಡರಸ್ತೆಯ ಸಂಖ್ಯೆ ಹೇಳಿದರೆ ವಾಹನ ಬೇರೆಡೆಗೆ ಹೋದೀತು. ಪೂರ್ಣ ವಿಳಾಸವನ್ನು ಹತ್ತಿರದ ಗುರುತಿನೊಂದಿಗೆ ಬರೆದು ಬಾಗಿಲ ಬಳಿ ಅಂಟಿಸಿದರೆ, ಗಾಬರಿಯಲ್ಲಿ ಮಕ್ಕಳೂ ಹಿರಿಯರೂ ಓದಿ ಹೇಳಬಲ್ಲರು.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಒಂದು ರಾತ್ರಿ ದೀಪ ಆರಿಸಿ, ಮನೆಯವರೆಲ್ಲ ಮಹಡಿಯಿಂದ ಬೀದಿಗೆ ಇಳಿದು ನೋಡಲಿ. ಎಡವುವ ಜಾಗ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.