ಏಳು ಗಂಟೆಯ ಸೈರನ್

ವ್ಯಸನವೆಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು: ಬಿಡಲಾರದ ಚಟವೊಂದು, ದುಃಖವಿನ್ನೊಂದು. ಧರ್ಮರಾಯನ ಜೂಜಿನ ಕಥೆಯನ್ನು ಕೇಳಿದವರಿಗೆ ಇವೆರಡರ ನಂಟನ್ನು ವಿವರಿಸಬೇಕಾದುದಿಲ್ಲ. ಇಂದಿನ ಪಗಡೆಯ ಹಾಸು ಅಂಗೈಯಗಲದ ಮೊಬೈಲು.

ಜೂಜಿಗೂ ಮೊಬೈಲಿಗೂ ಏನು ಸಂಬಂಧವೆಂದು ಮಿತ್ರರು ಕೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿ. ಎಫ್. ಸ್ಕಿನ್ನರ್ ಅವರು ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ಒಂದು ವಿಚಿತ್ರವನ್ನು ಕಂಡರು. ಎಷ್ಟು ಸಲ ಗುಂಡಿಯನ್ನು ಕುಕ್ಕಿದರೆ ಕಾಳು ದೊರೆಯುವುದೆಂಬುದು ನಿಶ್ಚಿತವಿಲ್ಲದಾಗ ಹಕ್ಕಿಯು ಎಡೆಬಿಡದೆ ಕುಕ್ಕುತ್ತಲೇ ಇರುವುದು. ಕಿರುಚಿತ್ರಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುವ ನಮ್ಮ ಸ್ಥಿತಿಯೂ ಇದೇ. ಹತ್ತು ನೀರಸ, ಹನ್ನೊಂದನೆಯದು ರಂಜಕ. ಅದು ಯಾವಾಗ ಬರುವುದೋ ತಿಳಿಯದು. ಆದುದರಿಂದಲೇ ಕೈ ನಿಲ್ಲದು. ಪುಸ್ತಕಕ್ಕಾದರೆ ಪುಟದ ಕೊನೆಯುಂಟು, ಅಧ್ಯಾಯದ ಕೊನೆಯುಂಟು. ಇಲ್ಲಿ ಕೊನೆಯೆಂಬುದೇ ಇಲ್ಲ. ಇಂತಹ ಅಂಚಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ತಂತ್ರಜ್ಞ ಏಜಾ ರಾಸ್ಕಿನ್ ಅವರು ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇದಕ್ಕೆಂದು ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಯಂತ್ರದಾಟದ ವ್ಯಸನವೂ ಸೇರಿದ್ದು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ ಯಂತ್ರದ ಹಾವಳಿಯನ್ನು ಯಂತ್ರದಿಂದಲೇ ತಗ್ಗಿಸಬಹುದೆ? 2018ರಿಂದೀಚೆಗೆ ಫೋನುಗಳಲ್ಲಿಯೇ ಬಳಕೆಯ ಲೆಕ್ಕವಿಡುವ, ಸಮಯದ ಮಿತಿ ಹಾಕುವ, ಪರದೆಯ ಬಣ್ಣವನ್ನೆಲ್ಲ ಬೂದಿಯಾಗಿಸುವ ಸಾಧನಗಳು ಬಂದಿವೆ. ನಾನೂ ಅರ್ಧ ಗಂಟೆಯ ಮಿತಿ ಹಾಕಿ ನೋಡಿದೆನು. ಅವಧಿ ಮುಗಿದೊಡನೆ ಪರದೆ ಮುಚ್ಚಿಕೊಂಡಿತು. ಆದರೆ ಅದರಡಿಯಲ್ಲೇ ‘ಇನ್ನು ಹದಿನೈದು ನಿಮಿಷ’ ಎಂಬ ಗುಂಡಿ! ಬೀಗ ಹಾಕಿದವನ ಜೇಬಿನಲ್ಲೇ ಬೀಗದ ಕೈ ಇದ್ದರೆ ಏನು ಫಲ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿಯವರು 2022ರಲ್ಲಿ ಬೇರೊಂದು ಉಪಾಯವನ್ನು ಹೂಡಿದರು. ಸಂಜೆ 7 ಗಂಟೆಗೆ ದೇವಾಲಯದ ಸೈರನ್ ಕೂಗುವುದು. ಒಂದೂವರೆ ಗಂಟೆಯ ಕಾಲ ಮನೆಮನೆಯ ಟಿ.ವಿ., ಮೊಬೈಲುಗಳು ಮೌನ. ಮುಂದೆ ನಮ್ಮ ಕನ್ನಡನಾಡಿನ ಬೆಳಗಾವಿ ಜಿಲ್ಲೆಯ ಹಲಗಾ ಗ್ರಾಮವೂ ಇಂತಹುದೇ ಕ್ರಮವನ್ನು ಕೈಗೊಂಡಿತು. ಅಲ್ಲಿ 7ರಿಂದ 9ರ ವರೆಗೆ. ಸೈರನ್ ಫೋನಿನಷ್ಟು ಜಾಣ ಯಂತ್ರವಲ್ಲ. ಆದರೆ ಅದರ ಮಾತು ಊರಿಗೆಲ್ಲ ಒಮ್ಮೆಗೇ. ಗೆಳೆಯನ ಫೋನೂ ಮಲಗಿರುವಾಗ ನಾನು ಏನನ್ನು ಕಳೆದುಕೊಂಡೇನೆಂಬ ಚಡಪಡಿಕೆ ಉಳಿಯದು.

ಹೈದರಾಬಾದಿಗರಿಗೆ ಇದು ಹೊಸತಲ್ಲ. ರಂಜಾನ್ ತಿಂಗಳಲ್ಲಿ ಹಳೆಯ ನಗರದ ಸೈರನ್ ಕೂಗಿದೊಡನೆ ಸಾವಿರಾರು ಮನೆಗಳಲ್ಲಿ ಉಪವಾಸ ಒಂದೇ ಕ್ಷಣದಲ್ಲಿ ಮುಗಿಯುವುದನ್ನು ಕಾಣುತ್ತಲೇ ಬೆಳೆದವರು ನಾವು. ಅಷ್ಟು ದೊಡ್ಡ ಧ್ವನಿ ನಮಗೆಲ್ಲಿ? ನಮ್ಮ ತರಗತಿಯ ಒಂಬತ್ತು ಮಂದಿ ಫೋನುಗಳಿಗೆ 7ರಿಂದ 9ರ ಒಂದೇ ಬೀಗವನ್ನು ಹಾಕಿಸಿ, ಗುಪ್ತಸಂಖ್ಯೆಯನ್ನು ತಾಯಂದಿರಿಗೆ ಒಪ್ಪಿಸಿದೆವು. ಮೊದಲೆರಡು ದಿನ ಬೇಸರ ಹೇಳತೀರದು. ಮೂರನೆಯ ಸಂಜೆ ಗೆಳೆಯನೊಬ್ಬನು ಬೀಜಗಣಿತದ ಸಂದೇಹವನ್ನು ಕೇಳಲು ನಡೆದುಕೊಂಡೇ ಬಂದು ನಮ್ಮ ಮನೆಯ ಬಾಗಿಲನ್ನು ತಟ್ಟಿದನು.